ವೇಣೂರಿನ ಒಂದನೇ ಬೋರ್ಡು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ತನ್ವಿ ಬಂಟ್ವಾಳದ ನಮ್ಮ ಮನೆಗೆ ಬಂದಳು. ಬೆನ್ನಿಗೆ ಚೀಲ, ಕೈಯಲ್ಲಿ ಕೊಳವೆಯ ಹಾಗೆ ಸುತ್ತಿದ ಒಂದು ಚೆಸ್ ಬೋರ್ಡು. "ಹೊಸತು ಬಂತು ಸರ್, ನೀವೊಮ್ಮೆ ನೋಡಿ" ಎಂದು ಅದನ್ನು ಊಟದ ಮೇಜಿನ ಮೇಲೆ ಬಿಡಿಸಿದಳು. ಹಸಿರು ಬಿಳಿ ಚೌಕಗಳ ರೆಕ್ಸಿನ್. ಬಿಡಿಸಿದ ಕೂಡಲೇ ಹೊಸ ಬಸ್ಸಿನ ಸೀಟಿನಂಥ ವಾಸನೆ ಕೋಣೆ ತುಂಬಿತು. ಬೋರ್ಡಿನ ನಾಲ್ಕು ಮೂಲೆಗಳು ಮೇಲಕ್ಕೆ ಮಡಚಿಕೊಳ್ಳುತ್ತಿದ್ದವು. ನಾನು ಯೋಚಿಸದೆಯೇ ಎರಡು ಲೋಟ, ಒಂದು ಉಪ್ಪಿನ ಡಬ್ಬಿ, ಕನ್ನಡಕದ ಪೆಟ್ಟಿಗೆ ಇಟ್ಟು ಮೂಲೆಗಳನ್ನು ಒತ್ತಿದೆ. ತನ್ವಿ ನಕ್ಕಳು. "ಕೈಗೆ ಇನ್ನೂ ನೆನಪುಂಟು ನಿಮಗೆ."

ಕೈಗೆ ಇದೆ. ಉಳಿದದ್ದರ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ.

ತನ್ವಿಗೆ ಈಗ ಇಪ್ಪತ್ತು. ಮಿಜಾರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಭಾನುವಾರ ಮಧ್ಯಾಹ್ನದ ಮೇಲೆ ವೇಣೂರಿನ ಮಕ್ಕಳ ಚೆಸ್ ಕ್ಲಬ್ಬನ್ನು ಅವಳೇ ನಡೆಸುವುದು. ಹತ್ತು ವರ್ಷದ ಹಿಂದೆ ಆ ಕ್ಲಬ್ಬನ್ನು ಶುರುಮಾಡಿದವನು ನಾನು. ಆಗ ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ, ವೇಣೂರಿನಲ್ಲಿ ಬಾಡಿಗೆಗಿದ್ದೆ.

"ಹತ್ತನೇ ವರ್ಷ ಸರ್. ನಿಮಗೊಂದು ಸನ್ಮಾನ ಇಟ್ಟಿದ್ದೇವೆ. ಬೇಡ ಅನ್ಬಾರ್ದು. ಸದಾನಂದಣ್ಣ ಶಾಲು ಸಹ ತಂದಾಯ್ತು."

"ಶಾಲು ತಂದ ಮೇಲೆ ಕೇಳುದಾ?"

"ಹಿಂದೆ ಕೊಡ್ಲಿಕ್ಕೂ ಆಗುದಿಲ್ವಂತೆ. ಡಿಸ್ಕೌಂಟಲ್ಲಿ ತಂದದ್ದು."

ನಗು ಮುಗಿದ ಮೇಲೆ ಅವಳು ಬೋರ್ಡನ್ನು ಮತ್ತೆ ಸುತ್ತತೊಡಗಿದಳು. ಸುತ್ತುತ್ತಲೇ, ನನ್ನ ಮುಖ ನೋಡದೆ ಹೇಳಿದಳು.

"ಇನ್ನೊಂದು ಕೇಳ್ಲಿಕ್ಕುಂಟು ಸರ್. ಆ ದಿನ ಅಕ್ಕ ಬರ್ತಾಳೆ. ನೀವು ಮೈಕಲ್ಲಿ ಒಂದು ಮಾತು ಹೇಳ್ಬೇಕು. ದೊಡ್ಡದಾಗಿ ಬೇಡ, ನಗಾಡಿಕೊಂಡು ಹೇಳಿದ್ರೆ ಸಾಕು. ಆ ಫೈನಲಲ್ಲಿ ಅವಳು ಕುದುರೆ ಮುಟ್ಟಿದ್ದನ್ನು ನೀವು ಕಂಡದ್ದು ಅಂತ. ಇಷ್ಟು ವರ್ಷ ಆಯ್ತು, ಮನೆಯಲ್ಲಿ ಎಂತ ಮಾತಾದ್ರೂ ಕೊನೆಗೆ ಅಲ್ಲಿಗೇ ಹೋಗಿ ನಿಲ್ತದೆ. ಅವಳ ಲೆಕ್ಕದಲ್ಲಿ ಈಗ್ಲೂ ನಾನೇ ಸುಳ್ಳಿ. ನನಗೆ ಸಾಕ್ಷಿ ಅಂತ ಇರುದು ನೀವೊಬ್ರೇ."

"ನೋಡುವ" ಎಂದೆ.

ಅವಳನ್ನು ಬಸ್ಸು ಹತ್ತಿಸಿ ಬಂದು ಹತ್ತು ವರ್ಷದ ಹಿಂದಿನ ಡೈರಿ ಹುಡುಕಿದೆ. ಎಂ.ಎ. ಓದುವಾಗ ಅಂಟಿಕೊಂಡ ಅಭ್ಯಾಸ ಅದು. ನೆನಪು ತನಗೆ ಬೇಕಾದ ಹಾಗೆ ಮಾತಾಡುತ್ತದೆ, ಆದ್ದರಿಂದ ಆಯಾ ದಿನದ್ದನ್ನು ಆಯಾ ದಿನವೇ ಬರೆದಿಡಬೇಕು ಎಂದು ನಂಬಿದವನು ನಾನು. ಆ ಪಂದ್ಯಾಟದ ಭಾನುವಾರದ ಪುಟದಲ್ಲಿ ಹೀಗಿದೆ: "ತನ್ವಿ ಪ್ರಥಮ. ಕೊನೆಯ ಸುತ್ತಿನಲ್ಲಿ ಮುಟ್ಟಿದ ಕಾಯಿಯ ವಿವಾದ. ನಾನು ಕಂಡಿದ್ದರಿಂದ ಸುಲಭವಾಗಿ ಇತ್ಯರ್ಥವಾಯಿತು."

ನಾನು ಕಂಡಿರಲಿಲ್ಲ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನನ್ನ ಹೊರತು ಇನ್ನೊಬ್ಬರು ಓದದ ಪುಸ್ತಕದಲ್ಲೂ ಸುಳ್ಳನ್ನೇ ಬರೆದಿದ್ದೇನೆ. ಆ ಮಳೆಗಾಲವನ್ನು ಈಗ ಮತ್ತೆ ಬರೆಯುತ್ತಿದ್ದೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಆ ವರ್ಷ ಮಳೆ ಜೂನ್ ಮೊದಲ ವಾರವೇ ಹಿಡಿದು ಕೂತಿತು. ಯುವಕ ಮಂಡಲದ ಎದುರಿನ ವಾಲಿಬಾಲ್ ಅಂಗಳದಲ್ಲಿ ಕಪ್ಪೆ ಮರಿಗಳು ಈಜುತ್ತಿದ್ದವು. ಕ್ರಿಕೆಟ್ ಇಲ್ಲ, ಕಬಡ್ಡಿ ಇಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮಕ್ಕಳು ಮಂಡಲದ ಜಗಲಿಯಲ್ಲಿ ಸುಮ್ಮನೆ ನಿಂತು ಬಸ್ಸುಗಳ ಹೆಸರು ಓದುತ್ತಿದ್ದರು. ನಾನೂ ಬಸ್ಸಿಳಿದು ಮಳೆ ಬಿಡುವುದನ್ನು ಕಾಯುತ್ತ ಅಲ್ಲೇ ನಿಲ್ಲುತ್ತಿದ್ದೆ. ಒಂದು ದಿನ ಚೀಲದಲ್ಲಿ ಬೋರ್ಡು ಹಾಕಿಕೊಂಡು ಹೋದೆ. ಕ್ಲಬ್ ಶುರುವಾದದ್ದು ಅಷ್ಟರಿಂದ. ಮುಂದೆ ಭಾಷಣಗಳಲ್ಲಿ ಇದನ್ನು "ಗ್ರಾಮೀಣ ಮಕ್ಕಳ ಬೌದ್ಧಿಕ ವಿಕಾಸದ ಕನಸು" ಎಂದು ನಾನೇ ಹೇಳಿದ್ದುಂಟು. ಕನಸು ಏನೂ ಇರಲಿಲ್ಲ. ಮಳೆ ಬಿಡುತ್ತಿರಲಿಲ್ಲ.

ಮಂಡಲದ ಅಧ್ಯಕ್ಷರು ಸದಾನಂದಣ್ಣ. ಪೇಟೆಯಲ್ಲಿ ಅವರದೊಂದು ಹೋಟೆಲು. ಮೊದಲ ದಿನ ಒಳಗೆ ಇಣುಕಿ, "ಇದೆಂತ ಮಾರಾಯ್ರೆ, ಮಕ್ಕಳನ್ನು ಹೀಗೆ ಬಾಯಿ ಮುಚ್ಚಿಸಿ ಕೂರಿಸ್ಲಿಕ್ಕೆ ಆಗ್ತದಾ? ನಮ್ಮ ಮಹಾಸಭೆಯವರನ್ನು ಸಹ ಸ್ವಲ್ಪ ಸೇರಿಸ್ಕೊಳ್ಳಿ" ಎಂದರು. ಮರುವಾರ ಒಳಗಿನ ಹಾಲಿನ ಬೀಗದ ಕೈ ನನಗೇ ಕೊಟ್ಟರು. ಮೇಲೆ ತಗಡಿನ ಮಾಡು. ಮಳೆ ಜೋರಾದರೆ ಪಾಠ ಹೇಳುವುದು ಅಸಾಧ್ಯ, ಕೈಸನ್ನೆಯಲ್ಲೇ ಆನೆ ನೇರ, ಒಂಟೆ ಓರೆ ಎಂದು ತೋರಿಸಬೇಕು. ಕರೆಂಟು ಹೋದರೆ ಮಕ್ಕಳು ಬೋರ್ಡನ್ನು ಕಾಯಿ ಸಮೇತ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗುತ್ತಿದ್ದರು. ಒಂದು ಕಾಯಿಯೂ ಕದಲದ ಹಾಗೆ ನಡೆಯುವುದೇ ಅವರಿಗೊಂದು ಆಟವಾಗಿತ್ತು.

ದೀಕ್ಷಾ ಮತ್ತು ತನ್ವಿ ಬಂದದ್ದು ಮೂರನೇ ವಾರ. ಅಕ್ಕನಿಗೆ ಹದಿಮೂರು, ತಂಗಿಗೆ ಹತ್ತು. ತಂದೆ ಮಸ್ಕತ್ತಿನಲ್ಲಿ. ತಾಯಿ ಸುಜಾತಕ್ಕನ ಹೊಲಿಗೆ ಅಂಗಡಿ ಮಂಡಲದ ಪಕ್ಕದಲ್ಲೇ ಇತ್ತು. ಇಬ್ಬರಿಗೂ ಆಟ ಮೊದಲೇ ಗೊತ್ತಿತ್ತು. ತಂದೆ ಅಲ್ಲಿ ತನ್ನ ಕೋಣೆಯಲ್ಲೊಂದು ಬೋರ್ಡು ಇಟ್ಟುಕೊಂಡು, ಶುಕ್ರವಾರ ರಜೆಯ ದಿನ ಫೋನಿನಲ್ಲಿ ಮಕ್ಕಳೊಡನೆ ಆಡುತ್ತಿದ್ದರಂತೆ. ಇವರಿಬ್ಬರೂ ಒಂದೇ ಬದಿ, ಅಪ್ಪ ಒಂದು ಬದಿ. ಹಾಗಾಗಿ ಕ್ಲಬ್ಬಿನಲ್ಲೂ ಇಬ್ಬರೂ ಬೋರ್ಡಿನ ಒಂದೇ ಕಡೆ ಬಂದು ಕೂತರು. ದೀಕ್ಷಾ ಯೋಚಿಸುವಾಗ ತನ್ವಿ ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುವಳು. ತನ್ವಿ ಆತುರಪಟ್ಟರೆ ದೀಕ್ಷಾ ಮಾತಾಡದೆ ಅವಳ ಮುಂಗೈ ಹಿಡಿಯುವಳು. ಟೂರ್ನಮೆಂಟಿನಲ್ಲಿ ಹೀಗೆ ಇಬ್ಬರು ಕೂತು ಆಡಲಿಕ್ಕಿಲ್ಲ ಎಂದು ಹೇಳಿ ಅವರನ್ನು ಬೇರೆ ಬೇರೆ ಮೇಜಿಗೆ ಕಳುಹಿಸಿದವನು ನಾನೇ. ಅದು ಸರಿಯಾದ ಕೆಲಸವೇ ಆಗಿತ್ತು. ಮೊದಲ ಹೆಜ್ಜೆಗಳೆಲ್ಲ ಸರಿಯಾಗಿಯೇ ಇದ್ದವು.

ಆ ಶನಿವಾರ ಅವರ ಅಜ್ಜಿ ಮಕ್ಕಳನ್ನು ಕರೆದೊಯ್ಯಲು ಬಂದರು. ಸಣ್ಣ ಆಳು, ದೊಡ್ಡ ಕೊಡೆ. ಹಾಲಿನ ಬಾಗಿಲಲ್ಲೇ ನಿಂತು ಬಹಳ ಹೊತ್ತು ಒಳಗೆ ನೋಡಿ, ನನ್ನನ್ನು ಹೊರಗೆ ಕರೆದರು. ತುಳುವಿನಲ್ಲಿ ಶುರುಮಾಡಿ, ನಾನು ಕಾಲೇಜಿನವನು ಎಂದು ನೆನಪಾಗಿ ಕನ್ನಡಕ್ಕೆ ತಿರುಗಿದರು.

"ಮಾಸ್ಟ್ರೇ, ಒಂದು ಹೇಳ್ಲಿಕ್ಕುಂಟು. ಅಕ್ಕ ತಂಗಿ ಎದುರು ಬದಿರು ಕೂತು ಆಡ್ಬಾರ್ದು. ಚೆನ್ನೆಮಣೆಗೆ ಆ ಕಟ್ಟು ಉಂಟು. ಹಿಂದೆ ಹಾಗೆ ಆಡಿ ಎಂತೆಂತದೋ ಆದದ್ದುಂಟು ಅಂತ ನಮ್ಮ ಹಿರಿಯರು ಹೇಳ್ತಿದ್ರು."

ಚೆನ್ನೆಮಣೆ ಎಂದರೆ ನಮ್ಮ ಕಡೆ ಆಟಿ ತಿಂಗಳ ಜಡಿಮಳೆಯಲ್ಲಿ ಮನೆಯೊಳಗೆ ಕೂತು ಆಡುವ, ಮರದ ಗುಳಿಗಳ ಮಣೆ. ನಾನು ನಕ್ಕೆ. "ಅಜ್ಜಿ, ಇದು ಚೆಸ್. ಇದರಲ್ಲಿ ಗುಳಿಯೂ ಇಲ್ಲ, ಕಾಯಿ ಬಿತ್ತುದೂ ಇಲ್ಲ."

"ಎದುರು ಕೂರುದು ಉಂಟಲ್ಲ?"

"ಆಯ್ತು ಅಜ್ಜಿ, ಅವರಿಬ್ಬರನ್ನು ಎದುರು ಕೂರಿಸುದಿಲ್ಲ" ಎಂದೆ. "ಮಾತು ಕೊಟ್ಟದ್ದಾ?" ಎಂದರು. "ಕೊಟ್ಟದ್ದು" ಎಂದೆ. ಅವರು ಕೊಡೆಯಿಂದ ನೀರು ಕೊಡವಿ, ಸಮಾಧಾನದಲ್ಲಿ ಹೋದರು. ವಿದ್ಯಾವಂತನಾದ ನನಗೆ ಈ ಪ್ರಸಂಗ ಒಳ್ಳೆಯ ತಮಾಷೆಯಾಗಿ ಕಂಡಿತ್ತು. ಸ್ಟಾಫ್ ರೂಮಿನಲ್ಲಿ ಅಜ್ಜಿಯ ದನಿ ಅನುಕರಿಸಿ ಹೇಳಿ ನಗಿಸಿದ್ದೆ. ಆ ಅನುಕರಣೆಯೂ ಡೈರಿಯಲ್ಲಿಲ್ಲ. ಆದರೆ ನನಗೆ ಚೆನ್ನಾಗಿ ನೆನಪಿದೆ.

ಜುಲೈಯಲ್ಲಿ ನಮ್ಮ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಒಂದು ಪಂದ್ಯಾಟಕ್ಕೆ ಹೋದೆ. ದಾರಿಯುದ್ದಕ್ಕೂ ಒಬ್ಬ ವಾಂತಿ ಮಾಡಿದ, ಉಳಿದವರು ಅವನು ಎಷ್ಟನೇ ತಿರುವಿನಲ್ಲಿ ಮಾಡುತ್ತಾನೆಂದು ಬಾಜಿ ಕಟ್ಟಿದರು. ಸಂಜೆ ವಾಪಸು ಬರುವಾಗ ಕೈಯಲ್ಲಿ ಗೆದ್ದ ನಾಲ್ಕು ಕಪ್ಪುಗಳು. ದೀಕ್ಷಾ ಎರಡನೆಯವಳು, ತನ್ವಿ ತನ್ನ ವಯಸ್ಸಿನವರಲ್ಲಿ ಮೊದಲನೆಯವಳು. ಕಂಡಕ್ಟರ್ ಟಿಕೆಟ್ ಕೊಡುತ್ತ, "ಕಪ್ಪಿಗೆ ಹಾಫ್ ಟಿಕೆಟ್ ಸಾಕಾ?" ಎಂದು ಕೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು. ಮರುದಿನ ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲು ಬಂತು. ಅದರಲ್ಲಿ ನನ್ನ ಹೆಸರೂ ಇತ್ತು.

ಆ ಎರಡು ಸಾಲನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಕಾಲೇಜಿನಲ್ಲಿ ಪ್ರಾಂಶುಪಾಲರು ಕರೆದು ಕೈಕುಲುಕಿದರು. ಬೆಳ್ತಂಗಡಿಯಿಂದಲೂ ಇಬ್ಬರು ಮಕ್ಕಳು ಬಸ್ಸಿನಲ್ಲಿ ಬರತೊಡಗಿದರು. ನಾವೇ ಒಂದು ಪಂದ್ಯಾಟ ಇಡುವ ಎಂದು ಸದಾನಂದಣ್ಣ ಹೇಳಿದಾಗ ನಾನು ಬೇಡ ಎನ್ನಲಿಲ್ಲ. ಆಗಸ್ಟಿನಲ್ಲಿ, ಆಟಿಯ ಕೊನೆಯ ಭಾನುವಾರ ಎಂದು ನಿಶ್ಚಯವಾಯಿತು.

ಆ ದಿನ ಬೆಳಿಗ್ಗೆ ಮಳೆ ಒಂದು ಗಂಟೆ ಬಿಟ್ಟಿತ್ತು. ಆಮೇಲೆ ಬಿಡಲಿಲ್ಲ. ಐದು ಸುತ್ತು. ಯಾರಿಗೆ ಯಾರು ಎದುರು ಎಂಬುದನ್ನು ನಾನೇ ಒಂದು ನೋಟುಪುಸ್ತಕದಲ್ಲಿ ಕೈಯಿಂದ ಬರೆದು ಜೋಡಿಸುತ್ತಿದ್ದೆ. ಅಂಕದ ಪ್ರಕಾರ ಸಮಬಲದವರನ್ನು ಕೂಡಿಸಬೇಕು, ಅಂಕ ಸಮವಾದವರಲ್ಲಿ ನೋಂದಣಿಯಲ್ಲಿ ಮೊದಲಿದ್ದವರಿಗೆ ಆದ್ಯತೆ. ನಿಯಮ ನಾನೇ ಮಾಡಿದ್ದು, ಬೆಳಿಗ್ಗೆ ಮೈಕಿನಲ್ಲಿ ಓದಿದ್ದೂ ನಾನೇ. ನಾಲ್ಕು ಸುತ್ತು ಮುಗಿದಾಗ ತನ್ವಿ ಎಲ್ಲ ಗೆದ್ದು ಮುಂದಿದ್ದಳು. ಅವಳಿಗಿಂತ ಅರ್ಧ ಅಂಕ ಹಿಂದೆ ಇಬ್ಬರು: ಬಂಟ್ವಾಳದ ಶಿಹಾಬ್ ಎಂಬ ಹುಡುಗ ಮತ್ತು ದೀಕ್ಷಾ. ಪಟ್ಟಿಯಲ್ಲಿ ಶಿಹಾಬನ ಹೆಸರು ಮೊದಲಿತ್ತು. ಅವನೇ ತನ್ವಿಗೆ ಎದುರು ಬರಬೇಕು. ಹಾಗೆಯೇ ಬರೆದೆ.

ಸದಾನಂದಣ್ಣ ಬೆನ್ನ ಹಿಂದಿನಿಂದ ಇಣುಕಿದರು.

"ಸರ್, ಮೂಡುಬಿದಿರೆಯಿಂದ ಪೇಪರಿನವರು ಇಬ್ರು ಬಂದಿದ್ದಾರೆ. ಫೈನಲಿಗೆ ಯಾರು?"

"ತನ್ವಿ, ಶಿಹಾಬ್."

"ಅಕ್ಕ ತಂಗಿ ಆಗ್ತಿದ್ರೆ ಎಷ್ಟು ಚಂದ ಇತ್ತು! ಅಂಥ ಫೋಟೋ ಅವ್ರು ಬಿಡ್ಲಿಕ್ಕಿಲ್ಲ ಮಾರಾಯ್ರೆ. ಮೊದಲ ಪುಟಕ್ಕೇ ಹೋದೀತು."

ಅಷ್ಟೇ ಹೇಳಿ ಅವರು ಚಹಾ ಹೇಳಲು ಹೋದರು. ಒತ್ತಾಯ ಮಾಡಲಿಲ್ಲ, ಎರಡನೇ ಸಲ ಹೇಳಲೂ ಇಲ್ಲ. ತಪ್ಪನ್ನು ಅವರ ಮೇಲೆ ಹಾಕಲು ಅಲ್ಲಿ ಜಾಗವಿಲ್ಲ. ನಾನು ಶಿಹಾಬನ ಹೆಸರಿನ ಮೇಲೆ ಒಂದು ಗೆರೆ ಎಳೆದೆ. ಮೇಲೆ ದೀಕ್ಷಾ ಎಂದು ಬರೆದೆ. ಆ ನೋಟುಪುಸ್ತಕ ಡೈರಿಗಳ ಜೊತೆಯಲ್ಲೇ ಉಳಿದಿದೆ. ಗೆರೆ ಒಂದೇ, ನೇರ. ಅಜ್ಜಿಗೆ ಕೊಟ್ಟ ಮಾತು ಆ ಗಳಿಗೆಯಲ್ಲಿ ನೆನಪಾಯಿತೇ? ಆಯಿತು ಎಂದೇ ಈಗ ಅನಿಸುತ್ತದೆ. ಆದರೆ ಅದು ತಡೆಯುವ ನೆನಪಾಗಿರಲಿಲ್ಲ, ಮೂಢನಂಬಿಕೆಯೊಂದನ್ನು ಮುರಿಯುತ್ತಿದ್ದೇನೆ ಎಂಬ ಹೆಮ್ಮೆಯಾಗಿತ್ತು.

ಇಬ್ಬರೂ ಒಂದನೇ ಬೋರ್ಡಿಗೆ ಬಂದರು. ಕುರ್ಚಿಗಳ ಹತ್ತಿರ ನಿಂತು ನನ್ನನ್ನು ನೋಡಿದರು. ಯಾರೋ ತಪ್ಪು ಓದಿದ್ದಾರೆ, ಸರ್ ಸರಿಮಾಡುತ್ತಾರೆ ಎಂಬ ನೋಟ. "ಕೂತ್ಕೊಳ್ಳಿ" ಎಂದೆ. ತನ್ವಿ "ಸರ್, ಅಜ್ಜಿ..." ಎಂದಳು. "ಬೋರ್ಡಿನ ಮುಂದೆ ಅಕ್ಕ ಇಲ್ಲ, ತಂಗಿ ಇಲ್ಲ, ಅಜ್ಜಿಯೂ ಇಲ್ಲ. ಕಣ್ಣು ಬೋರ್ಡಿನ ಮೇಲೆ ಇರ್ಲಿ. ತಪ್ಪಾದ್ರೆ ಯಾರದ್ದೇ ಆಗ್ಲಿ, ಕೈ ಎತ್ತಿ ಹೇಳ್ಬೇಕು" ಎಂದೆ. ಪತ್ರಿಕೆಯವರಿಗೆ ಕೇಳುವಷ್ಟು ದೊಡ್ಡದಾಗಿ.

ಉಳಿದ ಮಕ್ಕಳ ಆಟ ಬೇಗ ಮುಗಿಯಿತು. ಎಲ್ಲರೂ ಒಂದನೇ ಬೋರ್ಡಿನ ಸುತ್ತ ಕಟ್ಟಿದ ಹಗ್ಗದ ಆಚೆ ನಿಂತರು. ಸುಜಾತಕ್ಕ ಹಿಂದಿನ ಗೋಡೆಗೆ ಒರಗಿದ್ದರು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅರ್ಧ ಗಂಟೆಯಾಗುವಾಗ ದೀಕ್ಷಾಳ ಆಟ ಸ್ವಲ್ಪ ಮೇಲಿತ್ತು. ಅವಳ ಒಂದು ಕುದುರೆ ತನ್ವಿಯ ಒಂಟೆಯ ದಾರಿಗೆ ಅಡ್ಡ ನಿಂತಿತ್ತು. ಅದು ಸರಿದರೆ ಹಿಂದಿದ್ದ ರಾಣಿ ಹೋಗುತ್ತದೆ. ಇಷ್ಟನ್ನು ನಾನು ನೋಡಿದ್ದೆ. ಆಗ ಫೋಟೋದವನು ಕರೆದ. ಕಪ್ಪುಗಳನ್ನು ಕಿಟಕಿಯ ಬೆಳಕಿಗೆ ಇಡಬೇಕು ಎಂದ. ನಾನು ಬೆನ್ನು ತಿರುಗಿಸಿ ಕಪ್ಪು ಜೋಡಿಸತೊಡಗಿದೆ. ದೊಡ್ಡದು ನಡುವೆ, ಸಣ್ಣವು ಆಚೀಚೆ.

"ಸರ್" ಎಂದು ತನ್ವಿಯ ದನಿ ಕೇಳಿತು.

ತಿರುಗಿದಾಗ ಅವಳ ಕೈ ಮೇಲಿತ್ತು. "ಅಕ್ಕ ಕುದುರೆ ಮುಟ್ಟಿದ್ಳು. ಈಗ ಬೇರೆ ನಡೆಸ್ತಾಳೆ."

ಚೆಸ್ಸಿನಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕು. ದೀಕ್ಷಾಳ ಎರಡು ಕೈಗಳೂ ಮಡಿಲಲ್ಲಿದ್ದವು. "ಇಜ್ಜಿ" ಎಂದಳು. ಇಲ್ಲ ಎಂಬುದಕ್ಕೆ ಅವರ ಮನೆಮಾತು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಾನೇ ಮಕ್ಕಳಿಗೆ ಕಲಿಸಿದ್ದೆ. ತೀರ್ಪುಗಾರ ಕಂಡಿಲ್ಲವಾದರೆ, ಬೇರೆ ಸಾಕ್ಷಿ ಇಲ್ಲವಾದರೆ, ಆಟ ಮುಂದುವರಿಯಬೇಕು. ನಾನು ಹೇಳಬೇಕಾದದ್ದು ಎರಡೇ ಶಬ್ದ: ನಾನು ಕಂಡಿಲ್ಲ. ಹಗ್ಗದಾಚೆ, ಬೋರ್ಡಿನ ಕಾಯಿಗಳು ಕಾಣದಷ್ಟು ದೂರದಲ್ಲಿ ನೂರು ಜನ, ಪೇಪರಿನವರು, ಮೈಕು ಹಿಡಿದ ಸದಾನಂದಣ್ಣ. ತೀರ್ಪುಗಾರ ಕಪ್ಪು ಜೋಡಿಸುತ್ತಿದ್ದ ಎಂದು ಹೇಗೆ ಹೇಳುವುದು?

"ನೀವು ಕಂಡಿರಾ ಸರ್?" ಎಂದು ಯಾರೋ ಕೇಳಿದರು.

"ಕಂಡೆ" ಎಂದೆ. "ನಾನು ಕಂಡೆ. ದೀಕ್ಷಾ, ಕುದುರೆ ನಡೆಸು."

ತನ್ವಿ ಸುಳ್ಳು ಹೇಳುವವಳಲ್ಲ ಎಂಬ ನಂಬಿಕೆಯಿಂದ ಹಾಗಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ದೀಕ್ಷಾಳೂ ಸುಳ್ಳು ಹೇಳುವವಳೆಂದು ನಾನು ತಿಳಿದಿರಲಿಲ್ಲ. ಅವಳು ನನ್ನ ಮುಖವನ್ನು ನೋಡಿದಳು. ಬಹಳ ಹೊತ್ತು ಎಂದು ನೆನಪು ಹೇಳುತ್ತದೆ, ಬಹುಶಃ ಒಂದು ಉಸಿರಿನಷ್ಟು. ಆಮೇಲೆ ಕುದುರೆ ನಡೆಸಿದಳು. ರಾಣಿ ಹೋಯಿತು. ರಾಣಿಯಿಲ್ಲದೆಯೂ ಒಂದಷ್ಟು ನಡೆ ಆಡಿದಳು, ರಾಜನನ್ನು ಮಲಗಿಸಿದಳು, ಕೈಕುಲುಕಿದಳು, ಹಾಳೆಗೆ ಸಹಿ ಹಾಕಿದಳು. ಎಲ್ಲ ನಾನು ಕಲಿಸಿದ ಹಾಗೆಯೇ.

ಸದಾನಂದಣ್ಣ ಮೈಕಿನಲ್ಲಿ, "ಕಳ್ಳನನ್ನು ಹಿಡೀಲಿಕ್ಕೆ ಪೊಲೀಸ್ ಬೇಡ, ಮನೆಯಲ್ಲಿ ಒಂದು ತಂಗಿ ಇದ್ರೆ ಸಾಕು!" ಎಂದರು. ಇಡೀ ಸಭೆ ಮಾಡಿನ ತಗಡು ಹಾರುವ ಹಾಗೆ ನಕ್ಕಿತು. ನಾನೂ ನಕ್ಕೆ. ಫೋಟೋ ಮರುದಿನ ಬಂತು. ಮೊದಲ ಪುಟದಲ್ಲಲ್ಲ, ಆದರೆ ಬಣ್ಣದಲ್ಲಿ.

ಆಮೇಲಿನ ಶನಿವಾರ ಹಾಲಿನಲ್ಲಿ ಕೂರಲು ಜಾಗವಿರಲಿಲ್ಲ. ಹೊಸ ಮಕ್ಕಳು, ಅವರನ್ನು ಬಿಡಲು ಬಂದ ತಾಯಂದಿರು, ನಾರಾವಿಯಿಂದ ಬೈಕಿನಲ್ಲಿ ಮೂವರನ್ನು ಕೂರಿಸಿಕೊಂಡು ಬಂದ ಒಬ್ಬ ತಂದೆ. ಕ್ಲಬ್ಬಿನ ಯಶಸ್ಸು ಅಂತ ಜನ ಹೇಳುವುದು ಅಲ್ಲಿಂದ ಶುರು. ದೀಕ್ಷಾ ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ. ತನ್ವಿ ಒಬ್ಬಳೇ ಬಂದು ಮೂಲೆಯ ಮೇಜಿನಲ್ಲಿ ಕೂತಳು. ಜಡೆ ಓರೆಯಾಗಿತ್ತು. "ಇಷ್ಟು ವರ್ಷ ಒಬ್ಳದ್ದು ಒಬ್ಳು ಹಾಕ್ಕೊಳ್ತಿದ್ರು. ಈಗ ಎರಡು ತಲೆಯೂ ನನಗೇ ಬಂದಿದೆ ಸರ್, ಅಂಗಡಿ ತೆಗೀಲಿಕ್ಕೆ ತಡ ಆಗ್ತದೆ" ಎಂದು ಸುಜಾತಕ್ಕ ನಗುತ್ತ ಹೇಳಿದರು. ದೂರುವ ದನಿ ಇರಲಿಲ್ಲ. ನಾನು ಅದನ್ನು ತಮಾಷೆ ಎಂದೇ ತೆಗೆದುಕೊಂಡೆ.

ಅಜ್ಜಿ ಬಂದದ್ದು ಎರಡು ವಾರ ಕಳೆದು. ಅದೇ ಬಾಗಿಲು, ಅದೇ ಕೊಡೆ.

"ಕೊಟ್ಟ ಮಾತು ಮರೆತು ಹೋಯ್ತಾ ಮಾಸ್ಟ್ರೇ?"

"ಇಲ್ಲ ಅಜ್ಜಿ. ಅದು... ಜೋಡಿ ಮಾಡುದು ಕಂಪ್ಯೂಟರ್. ನಮ್ಮ ಕೈಯಲ್ಲಿ ಇಲ್ಲ."

ಹಾಲಿನಲ್ಲಿ ಕಂಪ್ಯೂಟರೇ ಇರಲಿಲ್ಲ. ಅಜ್ಜಿ ಒಳಗೊಮ್ಮೆ ನೋಡಿದರು. ಹುಡುಕಿದರೋ ಏನೋ. "ಹಾಗಾದ್ರೆ ನಿಮ್ಮನ್ನು ಹೇಳಿ ಎಂತ ಪ್ರಯೋಜನ" ಎಂದರು. "ಅದಕ್ಕೆ ಅಕ್ಕ ತಂಗಿ ಇಲ್ಲ, ಗೊತ್ತಾಗ್ಲಿಕ್ಕಿಲ್ಲ." ನನ್ನ ಮೇಲಿನ ಸಿಟ್ಟನ್ನು ಅಲ್ಲೇ ಇಳಿಸಿಟ್ಟು ಹೋದರು. ಮರುವರ್ಷ ನನಗೆ ಬಂಟ್ವಾಳದಲ್ಲಿ ಕೆಲಸವಾಯಿತು, ನಾನೂ ಹೋದೆ.

ಇಷ್ಟು ಬರೆದ ಮೇಲೆ ವೇದಿಕೆಯಲ್ಲಿ ನಗುತ್ತ "ನಾನು ಕಂಡೆ" ಎಂದು ಇನ್ನೊಮ್ಮೆ ಹೇಳುವುದು ಸಾಧ್ಯವಿರಲಿಲ್ಲ. ನಾನು ಕಂಡಿಲ್ಲ ಎಂದರೆ ತನ್ವಿಗಿದ್ದ ಒಂದೇ ಸಾಕ್ಷಿ ಹೋಗುತ್ತದೆ. ಎರಡು ದಿನ ಯೋಚಿಸಿ ಬೆಳ್ತಂಗಡಿಗೆ ಹೋದೆ. ದೀಕ್ಷಾ ಅಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಊಟದ ಹೊತ್ತಿಗೆ ಹೊರಗೆ ಬಂದಳು. ಹತ್ತು ವರ್ಷದ ಮೇಲೆ ನೋಡಿದರೂ ಗುರುತು ಹಿಡಿದು, "ಬನ್ನಿ ಸರ್, ಯಾವ ಟೆಸ್ಟು?" ಎಂದಳು. ಲ್ಯಾಬಿನ ಹೊರಗಿನ ಬೆಂಚಿನಲ್ಲಿ ಕೂತೆವು.

"ದೀಕ್ಷಾ, ಆ ದಿನ ನಾನು ಕಂಡಿರ್ಲಿಲ್ಲ."

"ಗೊತ್ತುಂಟು ಸರ್."

"ಹೇಗೆ?" ಎಂದೆ.

"ನೀವು ಕಿಟಕಿ ಹತ್ರ ಕಪ್ಪು ಇಡ್ತಾ ಇದ್ರಿ. ನಾನು ತಲೆ ಎತ್ತಿ ನೋಡಿದೆ, ನಿಮ್ಮ ಬೆನ್ನು ಕಂಡಿತು. ಅದಕ್ಕೇ ಇಜ್ಜಿ ಅಂದದ್ದು." ತನ್ನ ಕೈ ನೋಡುತ್ತ ಹೇಳಿದಳು. "ಮುಟ್ಟಿದ್ದೆ ಸರ್."

ಎದುರಿನ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು.

"ಬಾಯಿಗೆ ಬಂದದ್ದು ಅಂದುಬಿಟ್ಟೆ. ಅಂದ ಕೂಡ್ಲೇ ತನ್ವಿಯ ಮುಖ ನೋಡಿದೆ. ಇಲ್ಲ ಮಾರಾಯ್ತಿ, ಮುಟ್ಟಿದ್ದೇನೆ ಅಂತ ಹೇಳ್ಬೇಕು ಅಂತಾಯ್ತು. ಇನ್ನೊಂದು ನಿಮಿಷ ಇದ್ದಿದ್ರೆ ಹೇಳ್ತಿದ್ದೆ. ಅಷ್ಟರಲ್ಲಿ ನೀವು ಕಂಡೆ ಅಂದ್ರಿ. ಕಾಣದವರು ಕಂಡೆ ಅಂದ್ರಲ್ಲ ಅಂತ ಎಂಥ ಸಿಟ್ಟು ಬಂತು ಅಂದ್ರೆ... ನನ್ನದೂ ಸುಳ್ಳೇ, ಆದ್ರೂ ಸಿಟ್ಟು. ಆಮೇಲೆ ಆ ಸಿಟ್ಟನ್ನೇ ಹಿಡ್ಕೊಂಡು ಕೂತೆ. ಅಮ್ಮ ಕೇಳುವಾಗ ಇಲ್ಲ ಅಂದೆ. ಅಪ್ಪ ಫೋನಲ್ಲಿ ಕೇಳುವಾಗ ಇಲ್ಲ ಅಂದೆ. ಮತ್ತೆ ಹೌದು ಅನ್ಲಿಕ್ಕೆ ಜಾಗವೇ ಉಳೀಲಿಲ್ಲ."

ನನ್ನ ಭಾರ ಇಳಿಸಲು ಹೀಗೆ ಹೇಳುತ್ತಿದ್ದಾಳೆಯೇ ಎಂದು ಒಂದು ಗಳಿಗೆ ಸಂಶಯವಾಯಿತು. ಹಾಗಿದ್ದರೆ ಅವಳು ನನ್ನತ್ತ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ತನ್ನ ಕೈಗಳನ್ನು. ನನ್ನ ತೀರ್ಪು ಸರಿಯಾಗಿತ್ತು ಎಂದು ತಿಳಿದು ನನಗೆ ಯಾವ ಸಮಾಧಾನವೂ ಆಗಲಿಲ್ಲ. ಹದಿಮೂರರ ಹುಡುಗಿಯೊಬ್ಬಳು ತಾನಾಗಿ ನಿಜ ಹೇಳುವ ಒಂದು ನಿಮಿಷ ಅಲ್ಲಿತ್ತು. ಅದನ್ನು ನಾನು ತೆಗೆದುಕೊಂಡೆ. ಅವಳಿಗೆ ಅದು ಮತ್ತೆ ಸಿಗಲಿಲ್ಲ.

ಇನ್ನೊಂದು ಹೇಳಲಿಕ್ಕಿತ್ತು. ನೋಟುಪುಸ್ತಕ ತಂದಿದ್ದೆ. ಗೆರೆ ಹೊಡೆದ ಹೆಸರನ್ನು ತೋರಿಸಿದೆ. ಅವಳು ಪುಟವನ್ನು ಹತ್ತಿರ ಹಿಡಿದು ನೋಡಿದಳು.

"ಇದು ನನಗೆ ಗೊತ್ತಿರ್ಲಿಲ್ಲ" ಎಂದಳು. "ಅಜ್ಜಿ ತೀರಿಹೋಗುವವರೆಗೂ ಕಂಪ್ಯೂಟರಿಗೆ ಬೈತಾ ಇದ್ರು ಸರ್. ನಾನು ಕಾಲೇಜಿಗೆ ಅಂತ ಲ್ಯಾಪ್‌ಟಾಪ್ ತಂದಾಗ ಒಳಗೆ ತರ್ಲಿಕ್ಕೇ ಬಿಡ್ಲಿಲ್ಲ. ಎರಡು ದಿವಸ ಜಗಲಿಯಲ್ಲೇ ಇ‌ಟ್ಟದ್ದು." ಹೇಳುತ್ತ ನಗಲು ಹೊರಟಳು. ನಗು ಅರ್ಧಕ್ಕೇ ನಿಂತಿತು. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು.

"ನಾನು ಸನ್ಮಾನಕ್ಕೆ ಬರುದಿಲ್ಲ ಅಂತ ತನ್ವಿಗೆ ಹೇಳ್ತೇನೆ. ಅಥವಾ ಅಲ್ಲಿಯೇ ಎಲ್ಲರೆದುರು ಇದನ್ನೆಲ್ಲ ಹೇಳ್ತೇನೆ" ಎಂದೆ.

ಅವಳು ಮೊದಲ ಸಲ ನೇರವಾಗಿ ನೋಡಿದಳು. ದನಿ ಏರಲಿಲ್ಲ.

"ಬೇಡ ಸರ್. ನೀವು ಬನ್ನಿ. ಶಾಲು ಹಾಕಿಸ್ಕೊಳ್ಳಿ. ಮೈಕಲ್ಲಿ ಎಂತದೂ ಹೇಳ್ಬೇಡಿ. ತಂಗಿಗೆ ನಾನೇ ಹೇಳ್ತೇನೆ. ಈ ಸಲವಾದ್ರೂ ನನಗಿಂತ ಮೊದ್ಲು ನೀವು ಹೇಳ್ಬೇಡಿ."

ಕಳೆದ ಭಾನುವಾರ ಹೋದೆ. ಹಾಲಿಗೆ ಈಗ ಕಾಂಕ್ರೀಟಿನ ಮಾಡು, ಮಳೆಯ ಸದ್ದು ಒಳಗೆ ಬರುವುದಿಲ್ಲ. ಮುಂದಿನ ಸಾಲುಗಳಲ್ಲಿ ಎಂಬತ್ತರಷ್ಟು ಮಕ್ಕಳು. ತನ್ವಿ ಮೈಕು ಹಿಡಿದು ನಿರೂಪಣೆ ಮಾಡುತ್ತಿದ್ದಳು. ಬಾಗಿಲಿನ ಹತ್ತಿರದ ಕುರ್ಚಿಯಲ್ಲಿ ದೀಕ್ಷಾ. ಅವಳು ಹೇಳಿದ್ದಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಸದಾನಂದಣ್ಣ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಸನ್ಮಾನಪತ್ರ ಓದಿದವರು "ನಿಷ್ಪಕ್ಷಪಾತ ತೀರ್ಪುಗಾರ" ಎಂಬಲ್ಲಿ ಸ್ವಲ್ಪ ನಿಲ್ಲಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ತಲೆ ಬಗ್ಗಿಸಿದೆ. ವಿನಯ ಎಂದು ಜನ ತಿಳಿದಿರಬೇಕು.

"ಸರ್ ಈಗ ಎರಡು ಮಾತು" ಎಂದು ತನ್ವಿ ಮೈಕು ಕೊಟ್ಟಳು. ಕೊಡುವಾಗ ಹುಬ್ಬೇರಿಸಿ ಸನ್ನೆ ಮಾಡಿದಳು, ಹೇಳಿ ಸರ್ ಎಂಬಂತೆ. ಹಾಗಾದರೆ ದೀಕ್ಷಾ ಇನ್ನೂ ಹೇಳಿಲ್ಲ. ನಾನು "ಎಲ್ಲರಿಗೂ ನಮಸ್ಕಾರ, ಮಕ್ಕಳಿಗೆ ಒಳ್ಳೆಯದಾಗಲಿ" ಎಂದು ಮೈಕನ್ನು ಹಿಂದೆ ಕೊಟ್ಟೆ. ತನ್ವಿಯ ಮುಖ ಇಳಿದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಸಾಕ್ಷಿ ಕೈಬಿಟ್ಟ ಮುಖ. ಅದನ್ನು ನೋಡಿಕೊಂಡೇ ಕೂತಿರಬೇಕಾಗಿತ್ತು, ಕೂತೆ.

ಆಗ ದೀಕ್ಷಾ ಎದ್ದಳು. ಗೋಡೆಯ ಬದಿಯಿಂದ ನಡೆದು ಬಂದು ವೇದಿಕೆಯ ಮೆಟ್ಟಿಲಿನ ಹತ್ತಿರ ತನ್ವಿಯನ್ನು ಕರೆದಳು. ಸದಾನಂದಣ್ಣನ ಭಾಷಣ ನಡೆದಿತ್ತು, ಅಕ್ಕ ತಂಗಿಯ ಮಾತು ನನಗೆ ಕೇಳಿಸಲಿಲ್ಲ. ದೀಕ್ಷಾಳ ಮುಖ ನನ್ನ ಕಡೆಗಿತ್ತು. ಅವಳು ಎರಡೋ ಮೂರೋ ವಾಕ್ಯ ಹೇಳಿದಳು, ಹೆಚ್ಚಿಲ್ಲ. ತನ್ವಿಯ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಕೈಯಲ್ಲಿದ್ದ ನಿರೂಪಣೆಯ ಹಾಳೆಗಳನ್ನು ಮೆಟ್ಟಿಲ ಮೇಲೆ ಇಟ್ಟಳು. ಇಬ್ಬರೂ ಪಕ್ಕದ ಬಾಗಿಲಿನಿಂದ ಜಗಲಿಗೆ ಹೋದರು.

ಕಾರ್ಯಕ್ರಮ ಮುಗಿಯುವವರೆಗೂ ಒಳಗೆ ಬರಲಿಲ್ಲ. ಆಮಂತ್ರಣದಲ್ಲಿ "ಧನ್ಯವಾದ: ತನ್ವಿ" ಎಂದಿತ್ತು. ಕರೆದರು, ಕಾದರು. ಕೊನೆಗೆ ಸದಾನಂದಣ್ಣನೇ ಎದ್ದು, ಯಾರನ್ನೂ ಬಿಡದೆ ಧನ್ಯವಾದ ಸಲ್ಲಿಸಿದರು. ನನಗೆ ಮೂರು ಸಲ.